ಜ್ಯೋತಿಪ್ರಸಾದ್ ಅಗರವಾಲಾ ಅವರನ್ನು ಹಾಡಿನಿಂದ ಶುರುಮಾಡಿ: ಆರು ಭಾನುವಾರಗಳ ದಾರಿ

ಅಸ್ಸಾಮಿನ ಸಾಹಿತ್ಯ ಓದಬೇಕು, ಅಲ್ಲಿನ ಸಿನಿಮಾ ನೋಡಬೇಕು ಅಂತ ಹೊರಟವರಿಗೆ ಬೇಗ ಎದುರಾಗುವ ಹೆಸರು ಜ್ಯೋತಿಪ್ರಸಾದ್ ಅಗರವಾಲಾ. ನಾಟಕಕಾರ, ಕವಿ, ಹಾಡು ಕಟ್ಟಿದವರು, ಜೈಲಿಗೆ ಹೋದವರು, ಅಸ್ಸಾಮಿ ಭಾಷೆಯ ಮೊದಲ ಸಿನಿಮಾ ಮಾಡಿದವರು. ಇಷ್ಟನ್ನು ಯಾವುದೇ ಪರಿಚಯ ಲೇಖನ ಹೇಳುತ್ತದೆ. ನಾನೂ ಅಲ್ಲಿಂದಲೇ ಶುರುಮಾಡಿದ್ದೆ. ಎರಡು ಪುಟ ಓದಿ ಮಡಚಿಟ್ಟೆ. ಇಸವಿ ಮೇಲೆ ಇಸವಿ, ಕೃತಿ ಮೇಲೆ ಕೃತಿ. ಮನುಷ್ಯ ಮಾತ್ರ ಕಾಣಲಿಲ್ಲ.

ಅದಾಗಿ ಎಷ್ಟೋ ದಿನದ ಮೇಲೆ ಅಸ್ಸಾಮಿನ ಗೆಳತಿಯೊಬ್ಬಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಒಂದು ಹಾಡು ಗುನುಗಿದಳು. ಯಾರದು ಅಂತ ಕೇಳಿದೆ. 'ಜ್ಯೋತಿಪ್ರಸಾದರದು, ಇನ್ಯಾರದು' ಅಂದಳು. ಆಗ ಗೊತ್ತಾಯಿತು, ಈ ಮನೆಗೆ ಬಾಗಿಲು ಬೇರೆ ಕಡೆ ಇದೆ ಅಂತ. ಆಮೇಲೆ ನಾವು ಐದು ಜನ ಗೆಳೆಯರು ಸೇರಿ ಆರು ಭಾನುವಾರ ಕೂತೆವು. ಆಗ ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರೇ ಆದರೂ ಪರವಾಗಿಲ್ಲ, ಮನೆಮಂದಿ ಸೇರಿ ಆದರೆ ಇನ್ನೂ ಚೆನ್ನ. ವಾರಕ್ಕೆ ಎರಡು ಗಂಟೆ ಸಾಕು.

ಹೊರಡುವ ಮುಂಚೆ: ಹೆಸರು ಹುಡುಕುವ ಗುಟ್ಟು

ಅಂತರ್ಜಾಲದಲ್ಲಿ ಇವರ ಹಾಡು, ನಾಟಕ ಹುಡುಕುವಾಗ ಜಾಸ್ತಿ ಜನ ಇಲ್ಲೇ ಸೋಲುತ್ತಾರೆ. ಅಸ್ಸಾಮಿಯಲ್ಲಿ ಬರೆಯುವುದು ಒಂದು ಥರ, ಉಚ್ಚರಿಸುವುದು ಇನ್ನೊಂದು ಥರ. ಮೂರು ಸಂಗತಿ ನೆನಪಿಟ್ಟುಕೊಳ್ಳಿ.

ಶ, ಷ, ಸ ಈ ಮೂರೂ ಅಲ್ಲಿ ಬಹಳ ಕಡೆ ಗಂಟಲಿನಿಂದ ಬರುವ ಒಂದೇ ದನಿ. ನಮ್ಮ ಹ ಮತ್ತು ಖ ನಡುವೆ ಎಲ್ಲೋ ನಿಲ್ಲುತ್ತದೆ. ಚ, ಛ ಎರಡೂ ಸ ಆಗುತ್ತವೆ. ಅ ಅನ್ನುವುದು ಒ ಕಡೆ ವಾಲುತ್ತದೆ. ಹಾಗಾಗಿ 'ಗಛ' ಅಂತ ಬರೆದದ್ದು ಬಾಯಲ್ಲಿ 'ಗೊಸ್' ಆಗುತ್ತದೆ. ಗೊಸ್ ಅಂದರೆ ಮರ.

ಆ ಗಂಟಲು ದನಿಗೆ ಅಸ್ಸಾಮಿನವರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಎಕ್ಸ್ ಹಾಕುತ್ತಾರೆ. ಒಂದೇ ಹಾಡು ಎಸ್ ಅಕ್ಷರದಲ್ಲೂ ಇರುತ್ತದೆ, ಎಕ್ಸ್ ಅಕ್ಷರದಲ್ಲೂ ಇರುತ್ತದೆ. ಎಸ್ ಹಾಕಿ ಸಿಗದಿದ್ದರೆ ಎಕ್ಸ್ ಹಾಕಿ ನೋಡಿ. ಇನ್ನೊಂದು ದಾರಿ 'ಜ್ಯೋತಿ ಸಂಗೀತ' ಅಂತ ಹುಡುಕುವುದು. ಇವರ ಹಾಡುಗಳನ್ನೆಲ್ಲ ಅಲ್ಲಿ ಆ ಒಂದೇ ಹೆಸರಿನಿಂದ ಕರೆಯುತ್ತಾರೆ. ನಾವು ದಾಸರ ಪದ, ಭಾವಗೀತೆ ಅಂತ ಹೇಳುವಂತೆ ಅವರಿಗೆ ಜ್ಯೋತಿ ಸಂಗೀತ.

'ರೂಪಕುಂವರ್' ಅಂತ ಕಂಡರೂ ಇವರೇ ಅಂತ ತಿಳಿಯಿರಿ. ರೂಪದ ರಾಜಕುಮಾರ ಅನ್ನುವ ಅರ್ಥದ ಬಿರುದು. ಜನ ಪ್ರೀತಿಯಿಂದ ಇಟ್ಟದ್ದು.

ಮೊದಲ ಭಾನುವಾರ: ಮೂರು ಹಾಡು

ಈ ವಾರ ಏನೂ ಓದಬೇಡಿ. ಬರೀ ಕೇಳಿ.

ಮೊದಲನೆಯದು 'ಗೊಸೆ ಗೊಸೆ ಪಾತಿ ದಿಲೆ ಫುಲೋರೆ ಹೊರಾಇ'. ಮರಮರದಲ್ಲೂ ಹೂವಿನ ಶರಾಇ ಹರಡಿ ಇಟ್ಟಿದ್ದಾರೆ ಅಂತ ಅರ್ಥ. ಶರಾಇ ಅಂದರೆ ಕಂಚಿನ ಹರಿವಾಣ. ಅದಕ್ಕೆ ಕೆಳಗೆ ಎತ್ತರದ ಕಾಲು ಇರುತ್ತದೆ, ಕೆಲವಕ್ಕೆ ಮೇಲೆ ಗೋಪುರದಂಥ ಮುಚ್ಚಳ. ದೇವರಿಗೆ ಏನಾದರೂ ಅರ್ಪಿಸುವಾಗ, ಹಿರಿಯರಿಗೆ ಎಲೆ ಅಡಿಕೆ ಕೊಡುವಾಗ ಅದರಲ್ಲಿಟ್ಟೇ ಕೊಡುವುದು. ಅಸ್ಸಾಮಿನ ಮನೆಗಳಲ್ಲಿ ದೇವರ ಕೋಣೆಯಲ್ಲಿ ಕಾಣುತ್ತದೆ. ಈಗ ಆ ಸಾಲನ್ನು ಮತ್ತೆ ಓದಿಕೊಳ್ಳಿ. ವಸಂತ ಬಂದಿದೆ, ಪ್ರತಿ ಮರವೂ ಒಂದು ಕಾಲಿನ ಮೇಲೆ ನಿಂತ ಹರಿವಾಣ ಆಗಿದೆ. ಮರದ ಆಕಾರ, ಶರಾಇಯ ಆಕಾರ ಎರಡೂ ಒಂದೇ ಅಲ್ವಾ! ಆ ಸಾಮಾನನ್ನು ಕಣ್ಣಾರೆ ನೋಡುವ ತನಕ ನನಗೆ ಆ ಸಾಲು ಹತ್ತಿರವಿರಲಿಲ್ಲ. ಒಂದು ಫೋಟೋ ಆದರೂ ತೆಗೆದು ನೋಡಿ, ಆಮೇಲೆ ಹಾಡು ಕೇಳಿ.

ಧಾಟಿಯನ್ನೂ ಗಮನಿಸಿ. ಹೆಂಗಸರು ಗುಂಪಾಗಿ ಕೂತು ಚಪ್ಪಾಳೆ ತಟ್ಟುತ್ತಾ ಹಾಡುವ ನಾಮಗಳ ಧಾಟಿಯ ಗುರುತು ಅದರಲ್ಲಿದೆ. ನಡುವೆ 'ರಾಮ ರಾಮ' ಅಂತ ಸೊಲ್ಲು ಬರುತ್ತದೆ. ಜ್ಯೋತಿಪ್ರಸಾದ್ ಹಳ್ಳಿಯ ಧಾಟಿಗಳನ್ನು ಎತ್ತಿಕೊಂಡರು, ಪಾಶ್ಚಾತ್ಯ ಸಂಗೀತದಿಂದ ಕಲಿತದ್ದನ್ನೂ ಜೊತೆಗೆ ಸೇರಿಸಿದರು. ಆ ಕಾಲದಲ್ಲಿ ಅಸ್ಸಾಮಿನ ನಾಟಕದವರು ಬಂಗಾಳಿ ರಂಗದ ಧಾಟಿಗಳನ್ನೇ ಹಾಡುತ್ತಿದ್ದರು. ಅದರ ಮಧ್ಯೆ ಮನೆಯ ಅಜ್ಜಿಯರ ಧಾಟಿ ರಂಗದ ಮೇಲೆ ಬಂತು.

ಎರಡನೆಯದು 'ಲುಇತೋರ್ ಪಾರೋರೆ ಆಮಿ ಡೆಕಾ ಲೋರಾ'. ಲುಇತ್ ಅಂದರೆ ಬ್ರಹ್ಮಪುತ್ರ. ಲುಇತ್ ದಡದ ಹುಡುಗರು ನಾವು, ಸಾಯುವುದಕ್ಕೆ ಹೆದರಿಕೆ ಇಲ್ಲ ಅನ್ನುತ್ತದೆ ಹಾಡು. ಸ್ವಾತಂತ್ರ್ಯ ಚಳವಳಿಯ ಹಾಡು ಇದು.

ಮೂರನೆಯದು 'ಬಿಶ್ವ ಬಿಜೊಯಿ ನೊಜೊವಾನ್'. 1939ರಲ್ಲಿ ತೆರೆಗೆ ಬಂದ ಇವರ ಎರಡನೇ ಸಿನಿಮಾ 'ಇಂದ್ರಮಾಲತಿ'ಯ ಹಾಡು. ಹಾಡಿದ ಹುಡುಗ ಯಾರು ಗೊತ್ತಾ? ಭೂಪೇನ್ ಹಜಾರಿಕಾ. ಆಗಿನ್ನೂ ಚಿಕ್ಕ ಹುಡುಗ. ತೇಜ್‌ಪುರದಲ್ಲಿ ಆ ಹುಡುಗನ ಕಂಠ ಕೇಳಿ, ಕೈಹಿಡಿದು ಕರೆದುಕೊಂಡು ಹೋದವರು ಜ್ಯೋತಿಪ್ರಸಾದ್ ಮತ್ತು ಅವರ ಜೀವದ ಗೆಳೆಯ ಬಿಷ್ಣು ರಾಭಾ. 1936ರಲ್ಲಿ ಕಲ್ಕತ್ತೆಯಲ್ಲಿ ಅವನ ಮೊದಲ ಹಾಡು ರೆಕಾರ್ಡ್ ಆದದ್ದೂ ಇವರ ಜೊತೆಗಿನ ಓಡಾಟದಲ್ಲೇ. ಭೂಪೇನ್‌ದಾ ಹಾಡು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಆ ನದಿಯ ಮೇಲುಗಡೆ ಯಾರಿದ್ದರು ಅನ್ನುವುದು ಈ ಹಾಡಿನಲ್ಲಿ ಗೊತ್ತಾಗುತ್ತದೆ.

ಮೂರೂ ಹಾಡನ್ನು ವಾರಪೂರ್ತಿ ಕೇಳುತ್ತಿರಿ. ಕೆಲಸ ಮಾಡುತ್ತಾ ಕೇಳಿದರೂ ಆಯ್ತು.

ಎರಡನೇ ಭಾನುವಾರ: ನಮಗೆ ಗೊತ್ತಿರುವ ಕಥೆ

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ಇವರ ಮೊದಲ ನಾಟಕ 'ಶೋಣಿತ ಕುಂವರಿ'. ಕಥೆ ಯಾವುದು ಅಂತ ಹೇಳಿದರೆ ಕರಾವಳಿ, ಮಲೆನಾಡಿನವರು ಕೂತಲ್ಲೇ ನೆಟ್ಟಗಾಗುತ್ತಾರೆ. ನಮ್ಮ ಯಕ್ಷಗಾನದ ಉಷಾ ಪರಿಣಯದ ಕಥೆಯೇ ಅದು.

ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ಹುಡುಗನನ್ನು ಕಾಣುತ್ತಾಳೆ. ಯಾರು ಅಂತ ಗೊತ್ತಿಲ್ಲ. ಸಖಿ ಚಿತ್ರಲೇಖೆ ಒಬ್ಬೊಬ್ಬ ರಾಜಕುಮಾರನ ಚಿತ್ರ ಬರೆದು ಮುಂದಿಡುತ್ತಾಳೆ. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚುತ್ತಾಳೆ. ಚಿತ್ರಲೇಖೆ ದ್ವಾರಕೆಗೆ ಹೋಗಿ ಅವನನ್ನು ಹೊತ್ತು ತರುತ್ತಾಳೆ. ಬಾಣನಿಗೆ ಗೊತ್ತಾಗುತ್ತದೆ. ಕೊನೆಗೆ ಹರಿಗೂ ಹರನಿಗೂ ಯುದ್ಧ.

ನಾವು ಬಾಣಾಸುರನ ಶೋಣಿತಪುರ ಅಂದಾಗ ಅದೊಂದು ಪುರಾಣದ ಊರು ಅಂದುಕೊಂಡಿರುತ್ತೇವೆ. ಅಸ್ಸಾಮಿನವರಿಗೆ ಅದು ಬಸ್ಸು ಹೋಗುವ ಊರು. ಅವರ ನಂಬಿಕೆಯಲ್ಲಿ ಶೋಣಿತಪುರವೇ ತೇಜ್‌ಪುರ. ಶೋಣಿತ ಅಂದರೆ ರಕ್ತ, ಅಸ್ಸಾಮಿಯಲ್ಲಿ ತೇಜ್ ಅಂದರೂ ರಕ್ತ. ಹರಿಹರರ ಯುದ್ಧದಲ್ಲಿ ಊರೆಲ್ಲ ರಕ್ತ ಆಯಿತಂತೆ. ಉಷೆಯನ್ನು ಬೆಂಕಿಯ ಕೋಟೆಯೊಳಗೆ ಇಟ್ಟಿದ್ದರು ಅನ್ನುವ ಗುಡ್ಡ ಅಗ್ನಿಗಡ ಇವತ್ತಿಗೂ ಅಲ್ಲಿದೆ. ಜ್ಯೋತಿಪ್ರಸಾದ್ ಬೆಳೆದದ್ದು ಅದೇ ಊರಿನಲ್ಲಿ. ಹದಿನಾಲ್ಕರ ವಯಸ್ಸಿನ ಹುಡುಗ ತನ್ನೂರಿನ ಹುಡುಗಿಯ ಕಥೆ ಬರೆದ. 1924ರಲ್ಲಿ ತೇಜ್‌ಪುರದ ಬಾಣ್ ಥಿಯೇಟರ್‌ನಲ್ಲಿ ಅದು ರಂಗಕ್ಕೆ ಬಂತು. ಆ ನಾಟಕಶಾಲೆಯ ಹೆಸರೂ ಬಾಣನದೇ. ಮೊದಲ ವಾರ ಕೇಳಿದ ಹೂವಿನ ಶರಾಇ ಹಾಡು ಈ ನಾಟಕದ್ದು.

ಈ ವಾರದ ಕೆಲಸ ಹೀಗೆ. ಮೊದಲು ಉಷಾ ಪರಿಣಯದ ಒಂದು ಯಕ್ಷಗಾನ ಪ್ರದರ್ಶನ ನೋಡಿ. ಪೂರ್ತಿ ಆಗದಿದ್ದರೆ ಉಷೆ ಮತ್ತು ಚಿತ್ರಲೇಖೆಯ ಭಾಗ ಸಾಕು. ಆಮೇಲೆ ಅಸ್ಸಾಮಿ ನಾಟಕದ ಹಾಡುಗಳನ್ನು ಮತ್ತೆ ಕೇಳಿ. ನೋಡುವಾಗ ಕಣ್ಣು ಚಿತ್ರಲೇಖೆಯ ಮೇಲಿರಲಿ. ನನಗೆ ಕಂಡಂತೆ ಜ್ಯೋತಿಪ್ರಸಾದರ ಮನಸ್ಸು ಉಷೆಗಿಂತ ಜಾಸ್ತಿ ಇದ್ದದ್ದು ಅವಳ ಕಡೆ. ಬರೀ ಚಿತ್ರ ಬರೆದು ಕನಸಿನ ಮುಖವನ್ನು ಎದುರಿಗೆ ತಂದು ನಿಲ್ಲಿಸುವವಳು ಅವಳು. ಮುಂದೆ ಸಿನಿಮಾ ಮಾಡಿದವನ ಮೊದಲ ನಾಟಕದಲ್ಲಿ ಇಂಥ ಪಾತ್ರ ಇದೆ ಅನ್ನುವುದನ್ನು ಸುಮ್ನೆ ಮನಸ್ಸಿನಲ್ಲಿಟ್ಟುಕೊಳ್ಳಿ.

ಮೂರನೇ ಭಾನುವಾರ: ಬದುಕು, ಒಂದೇ ಹಾಳೆಯಲ್ಲಿ

ಈಗ ಇಸವಿಗಳನ್ನು ಓದಬಹುದು. ಹಾಡು ಕಿವಿಯಲ್ಲಿರುವುದರಿಂದ ಬೇಜಾರಾಗುವುದಿಲ್ಲ. ಒಂದು ಹಾಳೆ ತಗೊಂಡು ನೀವೇ ಬರೆದುಕೊಳ್ಳಿ. ನಮ್ಮ ಹಾಳೆಯಲ್ಲಿ ಇದ್ದದ್ದು ಇಷ್ಟು.

ಅಗರವಾಲಾ ಅನ್ನುವ ಹೆಸರು ಕೇಳಿದಾಗ ಪ್ರಶ್ನೆ ಬರುತ್ತದೆ, ಮಾರವಾಡಿ ಮನೆತನವಾ ಅಂತ. ಹೌದು. ಹಿರಿಯ ನವರಂಗರಾಮ್ 19ನೇ ಶತಮಾನದ ಮೊದಲಲ್ಲಿ ರಾಜಸ್ಥಾನದ ಕಡೆಯಿಂದ ವ್ಯಾಪಾರಕ್ಕೆ ಅಸ್ಸಾಮಿಗೆ ಬಂದವರು. ಅಲ್ಲೇ ಮದುವೆಯಾಗಿ ಅಲ್ಲಿಯವರೇ ಆದರು. ಅಜ್ಜ ಹರಿವಿಲಾಸ್ ಹಳೆಯ ಅಸ್ಸಾಮಿ ವೈಷ್ಣವ ಗ್ರಂಥಗಳನ್ನು ಅಚ್ಚು ಹಾಕಿಸಿದರು. ದೊಡ್ಡಪ್ಪ ಚಂದ್ರಕುಮಾರ್ ಅಸ್ಸಾಮಿಯ ಹೊಸ ಕಾವ್ಯದ ಹರಿಕಾರರಲ್ಲಿ ಒಬ್ಬರು, 1889ರಲ್ಲಿ ಶುರುವಾದ 'ಜೋನಾಕಿ' ಪತ್ರಿಕೆಯವರು. ಹೊರಗಿನಿಂದ ಬಂದ ಮನೆತನವೊಂದು ಮೂರು ತಲೆಮಾರಿನಲ್ಲಿ ಅಲ್ಲಿನ ನುಡಿಯ ಮನೆ ಆಯಿತು. ಕನ್ನಡವನ್ನು ಕಟ್ಟಿದವರಲ್ಲೂ ಬೇರೆ ಮನೆಮಾತಿನವರು ಎಷ್ಟು ಜನ ಅಂತ ನಾವು ಆ ಭಾನುವಾರ ಬಹಳ ಹೊತ್ತು ಮಾತಾಡಿದೆವು.

ಜ್ಯೋತಿಪ್ರಸಾದ್ ಹುಟ್ಟಿದ್ದು 1903ರ ಜೂನ್ 17ರಂದು, ದಿಬ್ರುಗಡ ಕಡೆಯ ತಾಮೂಲ್‌ಬಾರಿ ಚಹಾತೋಟದಲ್ಲಿ. ತಂದೆ ಪರಮಾನಂದ, ತಾಯಿ ಕಿರಣಮಯಿ. 1921ರಲ್ಲಿ ಗಾಂಧೀಜಿ ತೇಜ್‌ಪುರಕ್ಕೆ ಬಂದಾಗ ಇಳಿದುಕೊಂಡದ್ದು ಇವರ ಮನೆಯಲ್ಲೇ. ಹುಡುಗ ಓದು ಬಿಟ್ಟು ಅಸಹಕಾರ ಚಳವಳಿಗೆ ಧುಮುಕಿದ. 1926ರಲ್ಲಿ ಅರ್ಥಶಾಸ್ತ್ರ ಓದಲು ಎಡಿನ್‌ಬರೋಗೆ ಹೋದ. ಡಿಗ್ರಿ ತರಲಿಲ್ಲ. ಬರುವ ದಾರಿಯಲ್ಲಿ ಜರ್ಮನಿಯಲ್ಲಿ ಕೆಲವು ತಿಂಗಳು ನಿಂತು, ಯುಎಫ್‌ಎ ಸ್ಟುಡಿಯೋದಲ್ಲಿ ಹಿಮಾಂಶು ರಾಯ್ ಅವರ ಸಂಪರ್ಕದಲ್ಲಿ ಸಿನಿಮಾ ಕೆಲಸ ಕಲಿತು ಬಂದ. 1930ರಲ್ಲಿ ಊರಿಗೆ ವಾಪಸ್. 1932ರಲ್ಲಿ ಸೆರೆ, 15 ತಿಂಗಳ ಶಿಕ್ಷೆ. ಜೈಲಿನಿಂದ ಬಂದವರು ಸಿನಿಮಾಕ್ಕೆ ಕೈಹಾಕಿದರು. 1942ರಲ್ಲಿ ಮತ್ತೆ ಚಳವಳಿ, ಭೂಗತ ಬದುಕು. 1951ರ ಜನವರಿ 17ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ನಲವತ್ತೇಳು ವರ್ಷ ಅಷ್ಟೇ.

ಹಾಳೆಯ ಕೊನೆಗೆ ಒಂದು ಸಾಲು ಸೇರಿಸಿ: ಜನವರಿ 17 ಅಸ್ಸಾಮಿನಲ್ಲಿ ಶಿಲ್ಪಿ ದಿವಸ. ಶಿಲ್ಪಿ ಅಂದರೆ ಅಲ್ಲಿ ಕಲಾವಿದ. ಕಲ್ಲು ಕೆತ್ತುವವನು ಮಾತ್ರ ಅಂತ ತಿಳಿಯಬೇಡಿ.

ನಾಲ್ಕನೇ ಭಾನುವಾರ: ಬಾಳೆದಿಂಡಿನ ಸ್ಟುಡಿಯೋ

ಈ ವಾರಕ್ಕೆ ಎರಡು ಗಂಟೆ ಸಾಲದು. ಮಧ್ಯಾಹ್ನ ಊಟ ಮುಗಿಸಿ ಕೂತುಬಿಡಿ.

ಅಸ್ಸಾಮಿಯ ಆ ಮೊದಲ ಸಿನಿಮಾದ ಹೆಸರು 'ಜಯಮತಿ'. ಅದನ್ನು ನೋಡುವ ಮುಂಚೆ ಜಯಮತಿ ಯಾರು ಅಂತ ಗೊತ್ತಿರಬೇಕು. ಅಸ್ಸಾಮನ್ನು ಸುಮಾರು 600 ವರ್ಷ ಆಳಿದ್ದು ಅಹೋಮ್ ರಾಜರು. 17ನೇ ಶತಮಾನದ ಕೊನೆಗೆ ಅಲ್ಲಿ ದೊಡ್ಡ ಗೊಂದಲ. ಪಟ್ಟದಲ್ಲಿದ್ದವನು ಇನ್ನೂ ಹುಡುಗ, ಜನ ಅವನನ್ನು ಲೋರಾ ರೋಜಾ ಅಂದರು, ಹುಡುಗ ರಾಜ ಅಂತ. ಅಂಗ ಊನವಾದವನು ಪಟ್ಟ ಏರುವಂತಿಲ್ಲ ಅನ್ನುವುದು ಆ ರಾಜ್ಯದ ಕಟ್ಟಳೆ. ಹಾಗಾಗಿ ಪೈಪೋಟಿಗೆ ಬರಬಹುದಾದ ರಾಜಕುಮಾರರನ್ನೆಲ್ಲ ಹಿಡಿದು ಊನ ಮಾಡಲು ಶುರುಮಾಡಿದರು. ಗದಾಪಾಣಿ ಅನ್ನುವ ಗಟ್ಟಿಗ ತಪ್ಪಿಸಿಕೊಂಡು ನಾಗಾ ಬೆಟ್ಟಗಳ ಕಡೆ ಓಡಿದ. ಅವನ ಹೆಂಡತಿ ಜಯಮತಿಯನ್ನು ಹಿಡಿದರು. ಗಂಡ ಎಲ್ಲಿದ್ದಾನೆ ಹೇಳು ಅಂತ ಜೆರೆಂಗಾ ಬಯಲಿನಲ್ಲಿ ಕಟ್ಟಿಹಾಕಿ ದಿನಗಟ್ಟಲೆ ಹಿಂಸೆ ಕೊಟ್ಟರು. ಅವಳು ಬಾಯಿಬಿಡಲಿಲ್ಲ. ಅಲ್ಲೇ ಸತ್ತಳು. 1681ರಲ್ಲಿ ಗದಾಪಾಣಿ ರಾಜನಾದ. ಮಗ ರುದ್ರಸಿಂಹ ತಾಯಿಯ ನೆನಪಿಗೆ ಜೋಯ್‌ಸಾಗರ್ ಅನ್ನುವ ಭಾರೀ ಕೆರೆ ಕಟ್ಟಿಸಿದ.

ಈ ಕಥೆಯ ಮೇಲೆ ಲಕ್ಷ್ಮೀನಾಥ್ ಬೇಜ್‌ಬರುವಾ ಬರೆದ ನಾಟಕವನ್ನು ಜ್ಯೋತಿಪ್ರಸಾದ್ ಎತ್ತಿಕೊಂಡರು. ಸಿನಿಮಾದಲ್ಲಿ ಡಾಲಿಮಿ ಅಂತ ಒಬ್ಬ ನಾಗಾ ಹುಡುಗಿ ಬರುತ್ತಾಳೆ. ಅವಳು ಚರಿತ್ರೆಯಲ್ಲಿ ಇದ್ದವಳಲ್ಲ, ಬೇಜ್‌ಬರುವಾ ಅವರ ಕಲ್ಪನೆ. ಗೊಂದಲ ಮಾಡಿಕೊಳ್ಳಬೇಡಿ.

ಈಗ ಸಿನಿಮಾ ಹೇಗಾಯಿತು ಅನ್ನುವ ಕಥೆ. ನನಗೆ ಜ್ಯೋತಿಪ್ರಸಾದ್ ಪೂರ್ತಿ ಕಂಡದ್ದು ಇಲ್ಲಿ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ನಮ್ಮವರು ಚಿತ್ರೀಕರಣಕ್ಕೆ ಕೊಲ್ಹಾಪುರದ ಸ್ಟುಡಿಯೋಗೆ ಹೋದರು. ಆಗ ಅದು ಸಹಜ, ಸ್ಟುಡಿಯೋ ಇದ್ದ ಕಡೆ ಹೋಗಬೇಕು. ಜ್ಯೋತಿಪ್ರಸಾದ್ ಹೋಗಲಿಲ್ಲ. ತಮ್ಮ ಮನೆತನದ ಭೋಲಾಗುರಿ ಚಹಾತೋಟದಲ್ಲೇ ಸ್ಟುಡಿಯೋ ಕಟ್ಟಿದರು. ಹೆಸರು ಚಿತ್ರಬನ. ಗಟ್ಟಿ ಕಟ್ಟೆಯೊಂದನ್ನು ಹಾಕಿಸಿ, ಅದರ ಮೇಲೆ ಬಿದಿರು ತಟ್ಟಿ, ಬಾಳೆದಿಂಡುಗಳಿಂದ ಅಹೋಮರ ಅರಮನೆ ಎಬ್ಬಿಸಿದರು. ನಮ್ಮ ಕಡೆ ಮದುವೆ ಚಪ್ಪರಕ್ಕೆ ನಿಲ್ಲಿಸುವ ಬಾಳೆಕಂಬ ನೆನಪಿಸಿಕೊಳ್ಳಿ. ಅದರಿಂದ ಅರಮನೆ! ಆ ಕಾಲದ ಉಡುಗೆ, ಒಡವೆ, ಆಯುಧಗಳನ್ನು ಊರೂರು ಹುಡುಕಿ ತಂದು ಅಲ್ಲೇ ಒಂದು ಸಂಗ್ರಹ ಮಾಡಿದರು. ಕ್ಯಾಮೆರಾಕ್ಕೆ ಭೋಪಾಲ್ ಶಂಕರ್ ಮೆಹ್ತಾ, ಶಬ್ದಕ್ಕೆ ಲಾಹೋರಿನಿಂದ ಬಂದ ಫೈಜಿ ಸೋದರರು.

1933ರ ಏಪ್ರಿಲ್‌ನಲ್ಲಿ ಶುರುವಾಯಿತು. ವಿದ್ಯುತ್ ದೀಪದ ಸ್ಟುಡಿಯೋ ಅಲ್ಲವಲ್ಲ, ಬಿಸಿಲೇ ಬೆಳಕು. ಅಸ್ಸಾಮಿನ ಮಳೆ ಅಂದರೆ ನಮ್ಮ ಆಗುಂಬೆಯವರಿಗೆ ಅರ್ಥವಾದೀತು. ಮಳೆ ಹಿಡಿದರೆ ದಿನಗಟ್ಟಲೆ ಕೆಲಸ ನಿಲ್ಲುತ್ತಿತ್ತು. ಮೋಡ ಸರಿದ ಕೂಡಲೇ ಬಿಸಿಲನ್ನು ಫಲಕಗಳಿಂದ ನಟರ ಮುಖದ ಮೇಲೆ ತಿರುಗಿಸಿ ಚಿತ್ರೀಕರಣ ಮಾಡುತ್ತಿದ್ದರು. 1934ರ ಆಗಸ್ಟ್‌ಗೆ ಮುಗಿಯಿತು.

ಎಡಿಟಿಂಗ್‌ಗೆ ಲಾಹೋರ್‌ಗೆ ಹೋದರು. ಅಲ್ಲಿ ನೋಡಿದರೆ ಅರ್ಧ ಸಿನಿಮಾಕ್ಕೆ ಶಬ್ದವೇ ಇಲ್ಲ. ನಟರೆಲ್ಲ ಅಸ್ಸಾಮಿನಲ್ಲಿ, ಇವರು ದೇಶದ ಇನ್ನೊಂದು ಮೂಲೆಯಲ್ಲಿ. ಕರೆಸಲು ದುಡ್ಡೂ ಇಲ್ಲ, ಸಮಯವೂ ಇಲ್ಲ. ಏನು ಮಾಡಿದರು? ಒಂದು ಶಬ್ದದ ಸ್ಟುಡಿಯೋ ಬಾಡಿಗೆಗೆ ಹಿಡಿದು ಎಲ್ಲ ಪಾತ್ರಗಳಿಗೂ ತಾವೇ ದನಿ ಕೊಟ್ಟರು. ಗಂಡಸರದ್ದೂ ತಾವೇ, ಹೆಂಗಸರದ್ದೂ ತಾವೇ. ಒಂದೇ ದಿನದಲ್ಲಿ 6,000 ಅಡಿ ಫಿಲ್ಮ್. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ, ಲೆಕ್ಕ ಹಾಕಿ ನೋಡಿ. ಒಂದು ಗಂಟೆಗೂ ಮೀರಿದ ಸಿನಿಮಾ. ಅದನ್ನು ಓದಿದ ದಿನ ನಾನು ಆ ಕೋಣೆಯನ್ನು ಕಣ್ಮುಂದೆ ತಂದುಕೊಳ್ಳಲು ನೋಡಿದೆ. ಒಬ್ಬನೇ ಮನುಷ್ಯ ಮೈಕಿನ ಮುಂದೆ ನಿಂತು ಒಮ್ಮೆ ರಾಜ, ಒಮ್ಮೆ ಕಟುಕ, ಒಮ್ಮೆ ಜಯಮತಿ ಆಗುವುದು. ನಮ್ಮ ಹಳ್ಳಿ ಕಡೆ ತೊಗಲುಗೊಂಬೆ ಆಡಿಸುವವರು ಪರದೆ ಹಿಂದೆ ಹೀಗೇ ಮಾಡುತ್ತಾರೆ.

1935ರ ಮಾರ್ಚ್ 10ರಂದು ಕಲ್ಕತ್ತೆಯಲ್ಲಿ ಬಿಡುಗಡೆ. ಬೇಜ್‌ಬರುವಾ ಅವರೇ ಬಂದು ಉದ್ಘಾಟನೆ ಮಾಡಿದರು. ಖರ್ಚಾದದ್ದು ಸುಮಾರು 50,000 ರೂಪಾಯಿ, ಆ ಕಾಲಕ್ಕೆ ತೋಟವನ್ನೇ ಅಲ್ಲಾಡಿಸುವ ದುಡ್ಡು. ಅಸ್ಸಾಮಿನಲ್ಲಿ ಆಗ ಚಿತ್ರಮಂದಿರಗಳೇ ಇಲ್ಲವೆನ್ನುವಷ್ಟು ಕಮ್ಮಿ. ಹಾಕಿದ ದುಡ್ಡು ಬರಲಿಲ್ಲ. ನಾಲ್ಕು ವರ್ಷದ ನಂತರ 'ಇಂದ್ರಮಾಲತಿ'ಯನ್ನು ತುಂಬಾ ಕಮ್ಮಿ ಖರ್ಚಿನಲ್ಲಿ ಮಾಡಿದ್ದು ಆ ಸಾಲದ ಭಾರದಿಂದಲೇ. ಅಲ್ಲಿಗೆ ಸಿನಿಮಾ ನಿಂತಿತು.

ಇನ್ನು ನೋಡುವ ವಿಷಯ. ಪೂರ್ತಿ ಸಿನಿಮಾ ಸಿಗುತ್ತದೆ ಅಂತ ಆಸೆ ಇಟ್ಟುಕೊಂಡು ಕೂರಬೇಡಿ. ಅದು ಎಷ್ಟೋ ವರ್ಷ ಕಳೆದೇ ಹೋಗಿತ್ತು. 1970ರ ದಶಕದ ಮೊದಲಲ್ಲಿ ಜ್ಯೋತಿಪ್ರಸಾದರ ತಮ್ಮ ಹೃದಯಾನಂದ ತನ್ನ ಗ್ಯಾರೇಜಿನ ಹಳೇ ಸಾಮಾನು ತೆಗೆಸುವಾಗ ಏಳು ರೀಲು ಸಿಕ್ಕಿದವು. ಸ್ಥಿತಿ ಬಹಳ ಕೆಟ್ಟಿತ್ತು. 1976ರಲ್ಲಿ ಭೂಪೇನ್ ಹಜಾರಿಕಾ ಜ್ಯೋತಿಪ್ರಸಾದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ಆ ರೀಲುಗಳನ್ನು ಅದರಲ್ಲಿ ಸೇರಿಸಿ ಉಳಿಸಿದರು. ಅವತ್ತಿನ ಹಾಡುಗಾರ ಹುಡುಗ ಗುರುವಿನ ಸಿನಿಮಾ ಕಾಪಾಡಿದ. ಆಮೇಲೆ ಅಲ್ತಾಫ್ ಮಜೀದ್ ಉಳಿದದ್ದನ್ನು ಮತ್ತೆ ಶ್ರಮಪಟ್ಟು ಸರಿಮಾಡಿದರು. ಮೊದಲು ಭೂಪೇನ್ ಅವರ ಸಾಕ್ಷ್ಯಚಿತ್ರ ನೋಡಿ, ಆಮೇಲೆ ಉಳಿದ ಭಾಗಗಳಿಗೆ ಹೋಗಿ.

ನೋಡುವಾಗ ಕಥೆಯ ಹಿಂದೆ ಓಡಬೇಡಿ, ಅದು ತುಂಡುತುಂಡಾಗಿದೆ. ಗೋಡೆಗಳನ್ನು ನೋಡಿ, ಬಿದಿರು ತಟ್ಟಿಯ ಹೆಣಿಗೆ ಕಾಣುತ್ತದೆ. ಹೆಂಗಸರು ಮೇಖಲಾ ಚಾದರ ಉಟ್ಟ ರೀತಿ ನೋಡಿ. ನಟರು ನಿಧಾನ, ಕೈಬೀಸಿ ಕೂಗಾಡುವ ಕಂಪನಿ ನಾಟಕದ ಅಭಿನಯ ಕಮ್ಮಿ. 1935ರ ಬೇರೆ ಯಾವ ಭಾರತೀಯ ಚಿತ್ರ ಸಿಕ್ಕರೂ ಪಕ್ಕದಲ್ಲಿಟ್ಟು ಹತ್ತು ನಿಮಿಷ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಐದನೇ ಭಾನುವಾರ: ಐದೇವು ಹಂದಿಕೆ

ಈ ವಾರವನ್ನು ಬಿಡಬೇಡಿ. ಬೇರೆ ಯಾವುದನ್ನಾದರೂ ಬಿಡಿ.

ಜಯಮತಿಯ ಪಾತ್ರಕ್ಕೆ ಜ್ಯೋತಿಪ್ರಸಾದರಿಗೆ ಹುಡುಗಿ ಸಿಗದೆ ಬಹಳ ತಡವಾಯಿತು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲ. ಮನೆತನದ ಹೆಣ್ಣುಮಕ್ಕಳೇ ಬರಬೇಕು, ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ಅವರ ಹಟ. ಕೊನೆಗೆ ಗೋಲಾಘಾಟ್ ಕಡೆಯ ಹಳ್ಳಿಯಿಂದ ಐದೇವು ಹಂದಿಕೆ ಬಂದಳು. ಸಿನಿಮಾ ಅಂದರೆ ಏನು ಅಂತಲೇ ಗೊತ್ತಿಲ್ಲದ ಹುಡುಗಿ. ಅಸ್ಸಾಮಿ ಸಿನಿಮಾದ ಮೊದಲ ನಾಯಕಿ ಆದಳು.

ಚಿತ್ರದಲ್ಲಿ ಅವಳು ಗದಾಪಾಣಿಯ ಪಾತ್ರಧಾರಿಯನ್ನು 'ಬೊಂಗೊಹೊರ್‌ದೇವ್' ಅಂತ ಕರೆಯುತ್ತಾಳೆ. ಗಂಡನನ್ನು ಗೌರವದಿಂದ ಕರೆಯುವ ಮಾತು. ಪರ ಗಂಡಸನ್ನು ಹಾಗೆ ಕರೆದಳು ಅಂತ ಊರು ಅವಳನ್ನು ಹೊರಗಿಟ್ಟಿತು. ಅವಳು ಮುಟ್ಟಿದ ನೀರು ಕುಡಿಯಲಿಲ್ಲ. ಮದುವೆಗೆ ಯಾರೂ ಮುಂದೆ ಬರಲಿಲ್ಲ. ಮನೆಯಿಂದ ಬೇರೆಯಾಗಿ, ಒಂಟಿಯಾಗಿ, ಬಡತನದಲ್ಲಿ ಬದುಕಿದಳು. 1985ರಲ್ಲಿ ಅಸ್ಸಾಮಿ ಸಿನಿಮಾಕ್ಕೆ ಐವತ್ತು ವರ್ಷ ತುಂಬಿದಾಗ ಕರೆದು ಸನ್ಮಾನ ಮಾಡಿದರು. 2002ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. ಮುಂದೆ ಅರೂಪ್ ಮನ್ನಾ ಅವಳ ಬದುಕಿನ ಮೇಲೆ ಒಂದು ಸಿನಿಮಾ ಮಾಡಿದರು. ಈ ವಾರ ಅದನ್ನು ಹುಡುಕಿ ನೋಡಿ.

ಜಯಮತಿ ಗಂಡ ಎಲ್ಲಿದ್ದಾನೆ ಅಂತ ಬಾಯಿಬಿಡದೆ ಸತ್ತಳು ಅಂತ ಕೆರೆ ಕಟ್ಟಿಸಿದರು. ಅವಳ ಪಾತ್ರ ಮಾಡಿದವಳು ಒಂದು ಮಾತು ಆಡಿದ್ದಕ್ಕೆ ಅರವತ್ತು ವರ್ಷಕ್ಕೂ ಜಾಸ್ತಿ ಒಂಟಿಯಾದಳು. ಜ್ಯೋತಿಪ್ರಸಾದರನ್ನು ನಾನು ಎಷ್ಟು ಪ್ರೀತಿಸಿದರೂ ಈ ಭಾಗ ಬಂದಾಗ ಹೊಟ್ಟೆ ಹಿಂಡುತ್ತದೆ. ಅವರು ದುಡ್ಡು ಕಳೆದುಕೊಂಡರು, ಆದರೆ ಹೆಸರು ಉಳಿಯಿತು. ಅವಳು ಕೊಟ್ಟ ಬೆಲೆಯನ್ನು ಲೆಕ್ಕಕ್ಕೆ ತಗೊಳ್ಳದೆ 'ಮೊದಲ ಅಸ್ಸಾಮಿ ಸಿನಿಮಾ' ಅಂತ ಹೇಳಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ನಮ್ಮ ಗುಂಪಿನಲ್ಲಿ ಈ ವಾರ ಜಾಸ್ತಿ ಮಾತಾಗಲಿಲ್ಲ. ಗೆಳತಿಯೊಬ್ಬಳು ತನ್ನ ಅತ್ತೆಯೊಬ್ಬರು ನಾಟಕ ಕಂಪನಿ ಸೇರಿ ಮನೆಯವರ ಬಾಯಲ್ಲಿ ಹೆಸರೇ ಇಲ್ಲದಂತೆ ಆದದ್ದನ್ನು ಹೇಳಿದಳು.

ಆರನೇ ಭಾನುವಾರ: ಉಳಿದ ನಾಟಕಗಳು

ಎಲ್ಲವನ್ನೂ ಓದಲು ಹೋಗಬೇಡಿ. ಮೂರು ಸಾಕು: 'ಕಾರೆಂಗರ್ ಲಿಗಿರಿ', 'ರೂಪಾಲಿಮ್', 'ಲಭಿತಾ'.

ಕಾರೆಂಗ್ ಅಂದರೆ ಅರಮನೆ, ಲಿಗಿರಿ ಅಂದರೆ ಊಳಿಗದ ಹುಡುಗಿ. ಅರಮನೆಯ ದಾಸಿ ಸೇವಾಲಿ ಮತ್ತು ರಾಜಕುಮಾರ ಸುಂದರನ ಕಥೆ. ಮದುವೆ, ಮರ್ಯಾದೆ, ರಾಜಮಾತೆಯ ಹಟ ಎಲ್ಲ ಸೇರಿ ದುರಂತಕ್ಕೆ ನಡೆಯುತ್ತದೆ. ಓದುವುದಕ್ಕೆ ಇದನ್ನೇ ಮೊದಲು ಹಿಡಿಯಿರಿ. 'ರೂಪಾಲಿಮ್'ನಲ್ಲಿ ಬೆಟ್ಟದ ಹುಡುಗಿಯೊಬ್ಬಳ ಮೇಲೆ ಕಣ್ಣು ಹಾಕುವ ಮುದಿ ರಾಜ. 'ಲಭಿತಾ' 1942ರ ದಿನಗಳದ್ದು. ಹಳ್ಳಿಯ ಹುಡುಗಿ, ಒಂದು ಕಡೆ ಯುದ್ಧ, ಇನ್ನೊಂದು ಕಡೆ ಚಳವಳಿ. ಮೂರರಲ್ಲೂ ನಡುವೆ ನಿಂತವಳು ಹೆಣ್ಣು. ಐದನೇ ವಾರದ ನಂತರ ಓದಿದರೆ ಇವು ಬೇರೆಯೇ ಥರ ಕಾಣುತ್ತವೆ, ಅದಕ್ಕೇ ಕೊನೆಗೆ ಇಟ್ಟದ್ದು.

ಅಸ್ಸಾಮಿಯಲ್ಲಿ ಇವರ ಸಮಗ್ರ ಕೃತಿಗಳನ್ನು ಅಸೊಮ್ ಪ್ರಕಾಶನ ಪರಿಷತ್ ಹೊರತಂದಿದೆ. ಬಂಗಾಳಿ ಲಿಪಿ ಬಲ್ಲವರು ಎರಡು ಅಕ್ಷರ ಹೊಸದಾಗಿ ಕಲಿತರೆ ತಡವರಿಸುತ್ತಾ ಓದಬಹುದು. ಉಳಿದವರು ಅನುವಾದ ಹುಡುಕಬೇಕು. ಬೆಂಗಳೂರಿನವರಾದರೆ ಸೆಂಟ್ರಲ್ ಕಾಲೇಜು ಆವರಣದ ಸಾಹಿತ್ಯ ಅಕಾಡೆಮಿ ಕಚೇರಿಗೆ ಒಮ್ಮೆ ಹೋಗಿ ಅಸ್ಸಾಮಿ ಕಡೆಯ ಪುಸ್ತಕಗಳನ್ನು ಕೇಳಿ. ನಾಟಕ ಸಿಗದಿದ್ದರೆ ಪ್ರದರ್ಶನದ ವಿಡಿಯೋ ನೋಡಿ. ಭಾಷೆ ಬರದಿದ್ದರೂ ಕಥೆ ಗೊತ್ತಿದ್ದರೆ ನಾಟಕ ಅರ್ಥವಾಗುತ್ತದೆ. ಭಾಷೆ ಬಾರದವರು ನಮ್ಮ ಬಯಲಾಟ ನೋಡುವುದಿಲ್ಲವೇ, ಹಾಗೆ.

ಹೋಗಿ ಬರುವುದಾದರೆ

ಆರು ವಾರ ಆದಮೇಲೆ ತೇಜ್‌ಪುರ ಕರೆಯುತ್ತದೆ. ಹೋಗುವುದಾದರೆ ಜನವರಿ 13ರಿಂದ 18ರ ಒಳಗೆ ಇಟ್ಟುಕೊಳ್ಳಿ. ಮಳೆಗಾಲ ಬೇಡವೇ ಬೇಡ, ನೆರೆ ಬಂದರೆ ದಾರಿಯೇ ಇರುವುದಿಲ್ಲ. ಜನವರಿ ಯಾಕೆ ಅಂದರೆ, ನಮ್ಮ ಸಂಕ್ರಾಂತಿ ಹೊತ್ತಿಗೇ ಅವರ ಮಾಘ ಬಿಹು. ಹಿಂದಿನ ರಾತ್ರಿ ಊರೆಲ್ಲ ಸೇರಿ ಊಟ, ಬೆಳಗ್ಗೆ ಮೇಜಿ ಅನ್ನುವ ಬಿದಿರು ಹುಲ್ಲಿನ ಗೋಪುರಕ್ಕೆ ಬೆಂಕಿ. ತಿಂಡಿಗೆ ತಿಲ್ ಪಿಠಾ, ಅಕ್ಕಿಹಿಟ್ಟಿನ ಸುರುಳಿಯೊಳಗೆ ಎಳ್ಳು ಬೆಲ್ಲ. ಎಳ್ಳುಬೆಲ್ಲ ಅಲ್ಲಿಯೂ ತಪ್ಪುವುದಿಲ್ಲ! ಅದಾದ ಎರಡು ಮೂರು ದಿನಕ್ಕೇ ಶಿಲ್ಪಿ ದಿವಸ.

ಬೆಂಗಳೂರಿನಿಂದ ಗುವಾಹಟಿಗೆ ರೈಲಿನಲ್ಲಿ ಎರಡು ದಿನಕ್ಕೂ ಜಾಸ್ತಿ. ವಿಮಾನವೂ ಇದೆ. ಅಲ್ಲಿಂದ ತೇಜ್‌ಪುರ ಸುಮಾರು 180 ಕಿಲೋಮೀಟರ್, ಬಸ್ಸಿನಲ್ಲಿ ಅರ್ಧ ದಿನ. ಹಬ್ಬದ ಹಿಂದಿನ ದಿನ ಸೀಟು ಸಿಗುವುದಿಲ್ಲ, ಮೊದಲೇ ಹಿಡಿದಿಡಿ. ಬೆಳಗ್ಗೆ ಬೇಗ ಅಗ್ನಿಗಡ ಹತ್ತಿ. ಮೇಲೆ ಉಷೆ, ಅನಿರುದ್ಧ, ಬಾಣರ ಶಿಲ್ಪಗಳಿವೆ. ಕೆಳಗೆ ಬ್ರಹ್ಮಪುತ್ರ. ಆಚೆ ದಡ ಮಂಜಿನಲ್ಲಿ ಕಾಣಿಸುವುದೇ ಇಲ್ಲ.

ಆಮೇಲೆ ಇವರ ಮನೆ. ಹೆಸರು 'ಪೋಕಿ'. ಬಿದಿರು ಹುಲ್ಲಿನ ಮನೆಗಳ ಊರಿನಲ್ಲಿ ಇಟ್ಟಿಗೆಯ ಪಕ್ಕಾ ಮನೆ, ಅದಕ್ಕೆ ಆ ಹೆಸರು. ಗಾಂಧೀಜಿ ತಂಗಿದ್ದು ಇಲ್ಲೇ. ಈಗ ಅದು ಜ್ಯೋತಿ ಭಾರತಿ ಅನ್ನುವ ವಸ್ತುಸಂಗ್ರಹಾಲಯ. ಬಾಣ್ ಥಿಯೇಟರ್ ಕೂಡ ಅದೇ ಊರಿನಲ್ಲಿ. ಇನ್ನೂ ಎರಡು ದಿನ ಇದ್ದರೆ ಗೋಹ್‌ಪುರ ಕಡೆಯ ಭೋಲಾಗುರಿಗೆ ಹೋಗಬಹುದು, ನದಿ ದಾಟಿ ಶಿವಸಾಗರಕ್ಕೆ ಹೋದರೆ ಜೋಯ್‌ಸಾಗರ್ ಕೆರೆ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಹೂವಿನ ಶರಾಇಯ ಹಾಡನ್ನು ಕನ್ನಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಜನವರಿ 17ರ ಬೆಳಗ್ಗೆ ಶಾಲೆಯ ಮಕ್ಕಳು, ಹೆಂಗಸರು ಗುಂಪಾಗಿ ಹಾಡುತ್ತಾರೆ. ಎಲ್ಲ ಸಾಲು ಬರದಿದ್ದರೂ ಪರವಾಗಿಲ್ಲ. 'ರಾಮ ರಾಮ' ಬಂದಾಗ ನೀವೂ ದನಿಗೂಡಿಸಿ. ನನ್ನ ಪಕ್ಕದಲ್ಲಿದ್ದ ಅಜ್ಜಿ ಚೀಟಿಯಲ್ಲಿದ್ದ ದುಂಡಗಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಮುಂದಿನ ಸಾಲನ್ನು ನನಗೋಸ್ಕರ ನಿಧಾನಕ್ಕೆ ಹೇಳಿಕೊಟ್ಟರು.